ಪ್ಲಗಿನ್ ಕಾಲದ ಕನ್ನಡ ಪಾಠಗಳನ್ನು ಮುಕ್ತ ಶಿಷ್ಟತೆಗಳಿಗೆ ತರುವ ಕ್ರಮ

2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆ ಬ್ರೌಸರ್‌ನಲ್ಲಿ ಅನಿಮೇಷನ್, ಆಟ, ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ ಎಂಬ ಪ್ಲಗಿನ್‌ಗೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಆ ತಂತ್ರಾಂಶ ಯಾವ ಕಡತವನ್ನೂ ಓಡಿಸಲು ತಾನಾಗಿಯೇ ನಿರಾಕರಿಸತೊಡಗಿತು. ಅದೇ ವರ್ಷದ ಅಕ್ಟೋಬರ್ 12ಕ್ಕೆ ಮೈಕ್ರೊಸಾಫ್ಟ್‌ನ ಅಂಥದೇ ಪ್ಲಗಿನ್ ಸಿಲ್ವರ್‌ಲೈಟ್‌ನ ಬೆಂಬಲವೂ ಮುಗಿಯಿತು. ಜಾವಾ ಆಪ್ಲೆಟ್‌ಗಳನ್ನು, ಅಂದರೆ ಪುಟದೊಳಗಿನ ಜಾವಾ ಪ್ರೋಗ್ರಾಂಗಳನ್ನು, ಓಡಿಸುತ್ತಿದ್ದ ಪ್ಲಗಿನ್ ಅದಕ್ಕೂ ಮೊದಲೇ, 2018ರಲ್ಲಿ ಬಂದ ಜಾವಾ 11ನೇ ಆವೃತ್ತಿಯಲ್ಲಿ ಕಾಣೆಯಾಗಿತ್ತು. ಇಷ್ಟಾದರೂ ಶಾಲೆ, ಕಾಲೇಜು, ಸಂಘಸಂಸ್ಥೆಗಳ ಅನೇಕ ಸರ್ವರ್‌ಗಳಲ್ಲಿ ಆ ಕಾಲದ ಪಾಠ, ಆಟ, ರಸಪ್ರಶ್ನೆಗಳ ಕಡತಗಳು ಹಾಗೆಯೇ ಉಳಿದಿವೆ. ಪುಟ ತೆರೆದವರಿಗೆ ಕಾಣುವುದು ಮಾತ್ರ ಒಂದು ಖಾಲಿ ಚೌಕ. ಅಂಥ ತಾಣವನ್ನು ನೋಡಿಕೊಳ್ಳುವ ಹೊಣೆ ಹೊತ್ತವರಿಗಾಗಿ, ಅದರಲ್ಲೂ ಕನ್ನಡದ ಕಲಿಕಾ ಸಾಮಗ್ರಿ ಇಟ್ಟುಕೊಂಡವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಓದುಗರಿಗೆ ಎಚ್‌ಟಿಎಂಎಲ್‌ನ ಸಾಮಾನ್ಯ ಪರಿಚಯವಿದೆ, ಸರ್ವರ್‌ನ ಕಡತಗಳನ್ನು ತೆರೆಯುವ ಅಧಿಕಾರವೂ ಇದೆ ಎಂದು ಭಾವಿಸಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. "ಫ್ಲ್ಯಾಶ್‌ಗೆ ಬದಲಾಗಿ ಯಾವುದನ್ನು ಬಳಸಬೇಕು" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಪ್ಲಗಿನ್ ಎಂಬುದು ಬ್ರೌಸರ್ ಎಂಬ ಮನೆಯೊಳಗೆ ಬೇರೊಬ್ಬರು ಬೀಗ ಹಾಕಿಕೊಂಡಿದ್ದ ಕೋಣೆಯಂತಿತ್ತು. ಚಿತ್ರ ಬಿಡಿಸುವುದು, ವಿಡಿಯೊ ಓಡಿಸುವುದು, ಧ್ವನಿ ನುಡಿಸುವುದು, ಅಂಕ ನೆನಪಿಟ್ಟುಕೊಳ್ಳುವುದು, ಸರ್ವರ್ ಜೊತೆ ಮಾತಾಡುವುದು ಎಲ್ಲವೂ ಆ ಒಂದೇ ಕೋಣೆಯೊಳಗೆ ನಡೆಯುತ್ತಿದ್ದವು. ಒಳಗೇನು ನಡೆಯುತ್ತಿದೆಯೆಂದು ಬ್ರೌಸರ್‌ಗೂ ತಿಳಿಯುತ್ತಿರಲಿಲ್ಲ, ಹುಡುಕುಯಂತ್ರಕ್ಕೂ ಸರಿಯಾಗಿ ಅರಿವಾಗುತ್ತಿರಲಿಲ್ಲ. ಇಂದು ಆ ಒಂದೊಂದು ಕೆಲಸಕ್ಕೂ ಬ್ರೌಸರ್‌ನಲ್ಲೇ ಬೇರೆ ಬೇರೆ ಶಿಷ್ಟತೆಗಳು, ಅಂದರೆ ಎಲ್ಲ ಬ್ರೌಸರ್‌ಗಳೂ ಒಪ್ಪಿಕೊಂಡ ನಿಯಮಗಳು, ಇವೆ. ಆದುದರಿಂದ ನಿಮ್ಮ ಮುಂದಿರುವ ಕಡತ ಇವುಗಳಲ್ಲಿ ಯಾವ ಕೆಲಸವನ್ನು ಮಾಡುತ್ತಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಬದಲಿ ಏನೆಂಬುದು ಆಮೇಲಿನ ಪ್ರಶ್ನೆ.

ಏನೇನಿದೆ ಎಂದು ಪಟ್ಟಿ ಮಾಡುವುದು

ತಾಣದ ಇಡೀ ಕಡತಕೋಶದ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಮುಟ್ಟದೆ ತೆಗೆದಿರಿಸಿ. ಇನ್ನೊಂದರಲ್ಲಿ ‘ಆಬ್ಜೆಕ್ಟ್’, ‘ಎಂಬೆಡ್’, ‘ಆಪ್ಲೆಟ್’ ಎಂಬ ಟ್ಯಾಗ್‌ಗಳನ್ನು ಹುಡುಕಿ. ಜೊತೆಗೆ ಕಡತಗಳ ಹೆಸರಿನ ಕೊನೆಯನ್ನು ನೋಡಿಕೊಂಡು ಹೋಗಿ: ಎಸ್‌ಡಬ್ಲ್ಯುಎಫ್ ಮತ್ತು ಎಫ್‌ಎಲ್‌ವಿ ಎಂದಿದ್ದರೆ ಫ್ಲ್ಯಾಶ್, ಎಕ್ಸ್‌ಎಪಿ ಎಂದಿದ್ದರೆ ಸಿಲ್ವರ್‌ಲೈಟ್, ಡಿಸಿಆರ್ ಎಂದಿದ್ದರೆ ಶಾಕ್‌ವೇವ್, ಜೆಎಆರ್ ಎಂದಿದ್ದರೆ ಜಾವಾ, ಸಿಎಬಿ ಅಥವಾ ಒಸಿಎಕ್ಸ್ ಎಂದಿದ್ದರೆ ಬಹುತೇಕ ಆಕ್ಟಿವ್‌ಎಕ್ಸ್ (ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುತ್ತಿದ್ದ ಮೈಕ್ರೊಸಾಫ್ಟ್‌ನ ಪ್ಲಗಿನ್ ತಂತ್ರ).

ಟ್ಯಾಗ್ ಹುಡುಕಿದ ಮಾತ್ರಕ್ಕೆ ಎಲ್ಲವೂ ಸಿಕ್ಕಿತೆಂದು ತಿಳಿಯಬಾರದು. 2006ರ ನಂತರ ಕಟ್ಟಿದ ಅನೇಕ ಪುಟಗಳಲ್ಲಿ ಫ್ಲ್ಯಾಶ್ ಕಡತವನ್ನು ಜಾವಾಸ್ಕ್ರಿಪ್ಟ್ ಮೂಲಕ, ಸಾಮಾನ್ಯವಾಗಿ ‘ಎಸ್‌ಡಬ್ಲ್ಯುಎಫ್‌ಆಬ್ಜೆಕ್ಟ್’ ಎಂಬ ಪುಟ್ಟ ಲೈಬ್ರರಿಯ ನೆರವಿನಿಂದ, ಪುಟಕ್ಕೆ ಸೇರಿಸಲಾಗುತ್ತಿತ್ತು. ಇದಕ್ಕೊಂದು ವಿಚಿತ್ರ ಕಾರಣವೂ ಇದೆ. ಪುಟದೊಳಗೆ ಪ್ಲಗಿನ್ ಓಡಿಸುವ ವಿಧಾನದ ಮೇಲೆ ತನಗೆ ಪೇಟೆಂಟ್ ಇದೆಯೆಂದು ಇಯೋಲಾಸ್ ಎಂಬ ಕಂಪನಿ ಮೈಕ್ರೊಸಾಫ್ಟ್ ಮೇಲೆ ಮೊಕದ್ದಮೆ ಹೂಡಿ, 2003ರಲ್ಲಿ 52 ಕೋಟಿ ಡಾಲರ್ ಆಸುಪಾಸಿನ ಪರಿಹಾರದ ತೀರ್ಪು ಪಡೆಯಿತು. ಮುಂದೆ ಆ ವ್ಯಾಜ್ಯ ಬೇರೆ ದಾರಿ ಹಿಡಿದರೂ, 2006ರಲ್ಲಿ ಮೈಕ್ರೊಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅನ್ನು ಬದಲಾಯಿಸಿ, ಬಳಕೆದಾರರು ಒಮ್ಮೆ ಕ್ಲಿಕ್ ಮಾಡಿದ ಮೇಲಷ್ಟೇ ಪ್ಲಗಿನ್ ಸ್ಪಂದಿಸುವಂತೆ ಮಾಡಿತು. ಹೊರಗಿನ ಸ್ಕ್ರಿಪ್ಟ್ ಮೂಲಕ ಸೇರಿಸಿದ ಕಡತಗಳಿಗೆ ಆ ಕ್ಲಿಕ್ ಬೇಕಾಗುತ್ತಿರಲಿಲ್ಲವಾದ್ದರಿಂದ ಎಲ್ಲರೂ ಆ ದಾರಿ ಹಿಡಿದರು. ಹೀಗಾಗಿ ಜಾವಾಸ್ಕ್ರಿಪ್ಟ್ ಕಡತಗಳ ಒಳಗೂ ಹುಡುಕುವುದು ಅಗತ್ಯ.

ಒಂದು ಫ್ಲ್ಯಾಶ್ ಕಡತ ಇನ್ನೊಂದನ್ನು ಕರೆಯುವುದೂ ಉಂಟು. ಮುಖಪುಟದ ಕಡತ ಪಾಠಗಳನ್ನು, ಪಾಠದ ಕಡತ ಪ್ರಶ್ನೆಗಳಿರುವ ಎಕ್ಸ್‌ಎಂಎಲ್ ಕಡತವನ್ನು ಓಡುವ ಹೊತ್ತಿಗೆ ತರಿಸಿಕೊಳ್ಳುತ್ತಿತ್ತು. ಇಂಥ ಸಂಬಂಧಗಳು ಪುಟದ ಎಚ್‌ಟಿಎಂಎಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಇವನ್ನು ಪತ್ತೆಮಾಡಲು ಎರಡು ದಾರಿಗಳಿವೆ: ಮುಂದೆ ಹೇಳಲಿರುವ, ಫ್ಲ್ಯಾಶ್ ಪ್ಲೇಯರ್ ಇಲ್ಲದೆಯೇ ಅದರ ಕಡತಗಳನ್ನು ಓಡಿಸುವ ‘ರಫಲ್’ ಎಮ್ಯುಲೇಟರ್‌ನಲ್ಲಿ ಪಾಠವನ್ನು ಓಡಿಸಿ ಬ್ರೌಸರ್‌ನ ಡೆವಲಪರ್ ಸಲಕರಣೆಯ ನೆಟ್‌ವರ್ಕ್ ಫಲಕದಲ್ಲಿ ಯಾವ ಯಾವ ಕಡತಗಳಿಗೆ ಕೋರಿಕೆ ಹೋಗುತ್ತದೆ ಎಂದು ಗಮನಿಸುವುದು, ಅಥವಾ ‘ಜೆಪೆಕ್ಸ್ ಫ್ರೀ ಫ್ಲ್ಯಾಶ್ ಡಿಕಂಪೈಲರ್’ ಎಂಬ ಮುಕ್ತ ತಂತ್ರಾಂಶದಲ್ಲಿ ಕಡತವನ್ನು ಬಿಚ್ಚಿ ಒಳಗಿನ ಕೋಡ್ ಓದುವುದು. ಆ ತಂತ್ರಾಂಶದಲ್ಲಿ ತೆರೆದಾಗಲೇ ಕಡತ ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನ ಯಾವ ಆವೃತ್ತಿಯದೆಂದೂ ಬರೆದುಕೊಳ್ಳಿ. 2006ರ ಫ್ಲ್ಯಾಶ್ ಪ್ಲೇಯರ್ 9ರೊಂದಿಗೆ ಬಂದ ಮೂರನೆಯ ಆವೃತ್ತಿ ಹಿಂದಿನ ಎರಡಕ್ಕಿಂತ ತೀರ ಬೇರೆಯಾದ್ದರಿಂದ, ಮುಂದಿನ ನಿರ್ಧಾರಗಳಿಗೆ ಈ ಮಾಹಿತಿ ಬೇಕಾಗುತ್ತದೆ.

ಈ ಹಂತದಲ್ಲಿ ಕೆಲವರು ಹಳೆಯ ಫ್ಲ್ಯಾಶ್ ಪ್ಲೇಯರ್ ಅನ್ನು ಎಲ್ಲಿಂದಲೋ ಇಳಿಸಿಕೊಂಡು ಕೆಲಸ ಸಾಗಿಸಲು ನೋಡುತ್ತಾರೆ. ಭದ್ರತಾ ದೋಷಗಳಿಗೆ ತಿದ್ದುಪಡಿ ಬರುವುದು ನಿಂತುಹೋದ ತಂತ್ರಾಂಶವನ್ನು ಅಪರಿಚಿತ ತಾಣದಿಂದ ತಂದು ದಿನಬಳಕೆಯ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವುದು ಸಲ್ಲದು. ದಕ್ಷಿಣ ಆಫ್ರಿಕಾದ ಕಂದಾಯ ಸಂಸ್ಥೆ 2021ರ ಜನವರಿಯಲ್ಲಿ ತನ್ನ ಫ್ಲ್ಯಾಶ್ ಅರ್ಜಿಗಳನ್ನು ತುಂಬಿಸಿಕೊಳ್ಳಲೆಂದೇ ತನ್ನದೊಂದು ಬ್ರೌಸರ್ ಬಿಡುಗಡೆ ಮಾಡಿದ್ದುಂಟು. ವರ್ಷಗಳ ಮುನ್ಸೂಚನೆ ಇದ್ದೂ ಕೊನೆಯ ಗಳಿಗೆಯವರೆಗೆ ಕಾಯುವವರಿಗೆ ಅದೊಂದು ಉದಾಹರಣೆಯೇ ಹೊರತು ಮಾದರಿಯಲ್ಲ.

ಮೂರು ಗುಂಪುಗಳಾಗಿ ವಿಂಗಡಿಸುವುದು

ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದು ಕಡತವನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಬೇಕು: ಕೈಬಿಡುವುದು, ಇದ್ದಂತೆ ಉಳಿಸುವುದು, ಹೊಸದಾಗಿ ಬರೆಯುವುದು. ತಿರುಗುವ ಲೋಗೊ, ಹಾರುವ ಮೆನು, ಪುಟ ತೆರೆಯುವ ಮುನ್ನ ಬರುತ್ತಿದ್ದ ಪರಿಚಯದ ಅನಿಮೇಷನ್‌ಗಳು ಮೊದಲ ಗುಂಪಿನವು. ಅವುಗಳ ಮೇಲೆ ಒಂದು ಗಂಟೆಯನ್ನೂ ವ್ಯಯಿಸಬೇಡಿ. ಇಂದಿಗೂ ತರಗತಿಯಲ್ಲಿ ಉಪಯೋಗವಾಗಬಲ್ಲ ಪಾಠ, ಪ್ರಯೋಗ, ರಸಪ್ರಶ್ನೆಗಳನ್ನು ಹೊಸದಾಗಿ ಬರೆಯಬೇಕು. ಪಠ್ಯಕ್ರಮ ಬದಲಾಗಿ ಬಳಕೆ ತಪ್ಪಿದ್ದರೂ ದಾಖಲೆಯಾಗಿ ಬೆಲೆಯುಳ್ಳವು, ಮಕ್ಕಳೇ ಮಾಡಿದ ಕಿರುಚಿತ್ರಗಳು, ಸ್ಮರಣಸಂಚಿಕೆಗಳು ಮುಂತಾದವನ್ನು ಎಮ್ಯುಲೇಟರ್ ಮೂಲಕ ಇದ್ದಂತೆಯೇ ಉಳಿಸಿದರೆ ಸಾಕು.

ಎಲ್ಲವನ್ನೂ ಒಂದೇ ಗುಂಡಿ ಒತ್ತಿ ಪರಿವರ್ತಿಸುವ ಸಲಕರಣೆಯ ಆಸೆ ಬಿಡುವುದು ಒಳ್ಳೆಯದು. ಗೂಗಲ್ 2011ರಲ್ಲಿ ತಂದ ‘ಸ್ವಿಫಿ’ ಎಂಬ ಪರಿವರ್ತಕ 2016ರ ಜುಲೈನಲ್ಲಿ ನಿಂತುಹೋಯಿತು. ಫ್ಲ್ಯಾಶ್ ಅನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಓಡಿಸಹೊರಟ ಮೊಜಿಲ್ಲಾದ ‘ಶಮ್‌ವೇ’ ಯೋಜನೆಯೂ ಪೂರ್ಣಗೊಳ್ಳಲಿಲ್ಲ. ಪರಿವರ್ತಕ ಯಶಸ್ವಿಯಾದಾಗಲೂ ಕೈಗೆ ಬರುವುದು ಹಳೆಯ ಪಾಠದ ನಕಲು. ಫೋನಿನ ಪರದೆಗೆ ಹೊಂದದ, ಹುಡುಕಿದರೆ ಸಿಗದ, ತಿದ್ದಲು ಬಾರದ ಹಳೆಯ ಲಕ್ಷಣಗಳೆಲ್ಲ ಅದರಲ್ಲಿ ಹಾಗೆಯೇ ಇರುತ್ತವೆ.

ಒಳಗಿರುವ ಕನ್ನಡವನ್ನು ಹೊರತೆಗೆಯುವುದು

ಕನ್ನಡದ ಸಾಮಗ್ರಿಯಲ್ಲಿ ಅತಿ ಹೆಚ್ಚು ಶ್ರಮ ಬೇಡುವುದು ಇಲ್ಲಿಯೇ, ಮತ್ತು ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಸೊಲ್ಲೇ ಇರುವುದಿಲ್ಲ. 2008ರಲ್ಲಿ ಬಂದ ಫ್ಲ್ಯಾಶ್ ಪ್ಲೇಯರ್ 10ರವರೆಗೆ ಅದರ ಅಕ್ಷರ ವ್ಯವಸ್ಥೆಗೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಕೂಡಿಸಲು ಬರುತ್ತಿರಲಿಲ್ಲ. ಆದುದರಿಂದ ಆಗಿನವರು ಎರಡು ಉಪಾಯ ಹೂಡಿದರು. ಒಂದು, ನುಡಿ, ಬರಹ ಮುಂತಾದ ತಂತ್ರಾಂಶಗಳ ಯುನಿಕೋಡ್ ಅಲ್ಲದ ಫಾಂಟ್‌ಗಳನ್ನು ಬಳಸುವುದು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದ್ದರಿಂದ ಫ್ಲ್ಯಾಶ್‌ಗೆ ಅದು ಇಂಗ್ಲಿಷ್‌ನಂತೆಯೇ ಕಾಣುತ್ತಿತ್ತು. ಎರಡು, ಅಕ್ಷರಗಳನ್ನು ಗೆರೆಚಿತ್ರಗಳಾಗಿ ಒಡೆದುಬಿಡುವುದು. ಆ ಕಾಲಕ್ಕೆ ಎರಡೂ ಜಾಣತನದ ಉಪಾಯಗಳೇ. ಈಗ ಅವುಗಳನ್ನು ಬಿಡಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಪಾಠವನ್ನು ರೂಪಿಸುವಾಗ ಉಳಿಸಿದ್ದ ಮೂಲ ಎಫ್‌ಎಲ್‌ಎ ಕಡತ ಸಿಕ್ಕರೆ ಅರ್ಧ ಕೆಲಸ ಹಗುರವಾದಂತೆ. ಪಾಠ ಮಾಡಿಕೊಟ್ಟವರ ಬಳಿ, ಹಳೆಯ ಸಿಡಿಗಳಲ್ಲಿ ಒಮ್ಮೆ ವಿಚಾರಿಸಿ ನೋಡಿ. ಫ್ಲ್ಯಾಶ್ ಪಾಠ ತಯಾರಿಸುವ ತಂತ್ರಾಂಶದ ಸಿಎಸ್5 ಆವೃತ್ತಿಯಿಂದ ಮುಂದಿನ ಎಫ್‌ಎಲ್‌ಎ ಕಡತಗಳು ವಾಸ್ತವವಾಗಿ ಜಿಪ್ ಕಟ್ಟುಗಳು. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗಿನ ಎಕ್ಸ್‌ಎಂಎಲ್ ಕಡತಗಳಲ್ಲಿ ಪಾಠದ ಮಾತುಗಳು ನೇರವಾಗಿ ಸಿಗುತ್ತವೆ. ಅದಕ್ಕಿಂತ ಹಳೆಯವನ್ನು ಆ ತಂತ್ರಾಂಶದ ಈಚಿನ ರೂಪವಾದ ಅಡೋಬಿ ಅನಿಮೇಟ್‌ನಲ್ಲೇ ತೆರೆಯಬೇಕಾಗಬಹುದು. ಮೂಲ ಸಿಗದಿದ್ದರೆ ಡಿಕಂಪೈಲರ್‌ನಲ್ಲಿ ಎಸ್‌ಡಬ್ಲ್ಯುಎಫ್ ಕಡತವನ್ನು ತೆರೆದು ಪಠ್ಯದ ಭಾಗವನ್ನು ಹೊರತೆಗೆಯಿರಿ.

ಹೊರಬಂದ ಪಠ್ಯ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಕಲಸುಮೇಲೋಗರದಂತೆ ಕಂಡರೆ ಗಾಬರಿ ಬೇಡ. ಅದು ನುಡಿ ಅಥವಾ ಬರಹದ ಸಂಕೇತ. ಯಾವ ಫಾಂಟ್ ಎಂಬುದು ಡಿಕಂಪೈಲರ್‌ನ ಫಾಂಟ್ ಪಟ್ಟಿಯಲ್ಲೇ ಇರುತ್ತದೆ. ನುಡಿಯ ಸಂಕೇತಕ್ಕೂ ಬರಹದ ಹಳೆಯ ಸಂಕೇತಕ್ಕೂ ವ್ಯತ್ಯಾಸವಿರುವುದರಿಂದ, ಆಯಾ ಫಾಂಟಿಗೆ ತಕ್ಕ ಪರಿವರ್ತಕವನ್ನೇ ಬಳಸಿ ಯುನಿಕೋಡ್‌ಗೆ ತರಬೇಕು. ಪರಿವರ್ತನೆಯ ನಂತರ ಮೊದಲು ನೋಡಬೇಕಾದದ್ದು ಅರ್ಕಾವತ್ತನ್ನು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಕೂಡಿಸಲಾಗುತ್ತಿತ್ತು. ಯುನಿಕೋಡ್‌ನಲ್ಲಿ ರಕಾರ ಉಚ್ಚಾರಣೆಯ ಕ್ರಮದಂತೆ ಮೊದಲು ಬರುತ್ತದೆ. ಪರಿವರ್ತಕ ಇದನ್ನು ಗಮನಿಸದಿದ್ದರೆ ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ, ‘ವರ್ಷ’ ಹೋಗಿ ‘ವಷರ್’ ಆಗುತ್ತದೆ. ಇಡೀ ಪಠ್ಯದಲ್ಲಿ ‘ರ್’ ಎಂದು ಹುಡುಕಿ ಒಂದೊಂದನ್ನೂ ಕಣ್ಣಾಡಿಸಿದರೆ ಇಂಥ ತಪ್ಪುಗಳು ಬೇಗ ಸಿಗುತ್ತವೆ. ಎರಡೆರಡು ಒತ್ತುಗಳಿರುವ ಪದಗಳನ್ನೂ, ‘ಶಾಸ್ತ್ರ’, ‘ರಾಷ್ಟ್ರ’ದಂಥವನ್ನು, ಪ್ರತ್ಯೇಕವಾಗಿ ಪರಿಶೀಲಿಸಿ.

ಅಕ್ಷರಗಳನ್ನು ಗೆರೆಚಿತ್ರವಾಗಿ ಒಡೆದಿದ್ದರೆ ಪಠ್ಯವೆಂಬುದು ಕಡತದಲ್ಲಿ ಇರುವುದೇ ಇಲ್ಲ. ದೊಡ್ಡ ಪಾಠವಾದರೆ ಪರದೆಯ ಚಿತ್ರಗಳನ್ನು ತೆಗೆದು, ಕನ್ನಡವನ್ನು ಗುರುತಿಸಬಲ್ಲ ‘ಟೆಸೆರಾಕ್ಟ್’ ತಂತ್ರಾಂಶಕ್ಕೆ ಕೊಟ್ಟು, ಬಂದ ಫಲಿತಾಂಶವನ್ನು ತಿದ್ದಿಕೊಳ್ಳಬಹುದು. ಹತ್ತಿಪ್ಪತ್ತು ಸಾಲುಗಳಾದರೆ ಮತ್ತೆ ಬೆರಳಚ್ಚಿಸುವುದೇ ಮೇಲು.

ಹೊರತೆಗೆದ ಮಾತುಗಳನ್ನು ಹೊಸ ಪಾಠದ ಕೋಡ್‌ನೊಳಗೆ ಅಲ್ಲಲ್ಲಿ ತುರುಕದೆ, ಯುಟಿಎಫ್-8ರಲ್ಲಿ ಉಳಿಸಿದ ಪ್ರತ್ಯೇಕ ಕಡತದಲ್ಲಿಡಿ. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ‘ಫೆಟ್’ ಯೋಜನೆಯನ್ನು ಇಲ್ಲಿ ನೆನೆಯಬಹುದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಆ ಯೋಜನೆಯ ವಿಜ್ಞಾನ ಪ್ರಯೋಗಗಳು ಮೊದಲು ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದವು. ಬಳಿಕ ಒಂದೊಂದಾಗಿ ಎಚ್‌ಟಿಎಂಎಲ್5ಗೆ ಬಂದವು. ಪರದೆಯ ಮೇಲಿನ ಪದಗಳು ಕೋಡ್‌ನಿಂದ ಬೇರೆಯಾಗಿ ಇರುವುದರಿಂದ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಅವನ್ನು ತಮ್ಮ ಭಾಷೆಗೆ ಅನುವಾದಿಸಲು ಸಾಧ್ಯವಾಯಿತು, ಹಲವು ಪ್ರಯೋಗಗಳು ಕನ್ನಡದಲ್ಲೂ ದೊರೆಯುವಂತಾದವು. ನೀವು ಹೊಸದಾಗಿ ಬರೆಯಹೊರಟ ಭೌತವಿಜ್ಞಾನದ ಪ್ರಯೋಗ ಅಲ್ಲಿ ಈಗಾಗಲೇ ಇದ್ದರೆ, ಬರೆಯುವ ಶ್ರಮವನ್ನೇ ಉಳಿಸಿಕೊಂಡು ಅದಕ್ಕೆ ಕೊಂಡಿ ಕೊಡಬಹುದು.

ಫಾಂಟ್‌ನ ವಿಚಾರದಲ್ಲಿ ಕನ್ನಡ ಓದುಗರಿಗೆ ಇಂಥ ಬದಲಾವಣೆ ಹೊಸದೇನಲ್ಲ. ಎರಡು ದಶಕಗಳ ಹಿಂದೆ ‘ಡೈನಾಮಿಕ್ ಫಾಂಟ್’ ಎಂಬ ಹೆಸರಿನಲ್ಲಿ ಕನ್ನಡ ತಾಣಗಳು ಬಳಸುತ್ತಿದ್ದ ಇಒಟಿ ಕಡತಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತಿದ್ದವು. ಬೇರೆ ಬ್ರೌಸರ್‌ನವರಿಗೆ ಅಕ್ಷರಗಳ ಗೊಂದಲವಷ್ಟೇ ಕಾಣುತ್ತಿತ್ತು. ಇಂದು ಯುನಿಕೋಡ್ ಪಠ್ಯವನ್ನು ಡಬ್ಲ್ಯುಒಎಫ್‌ಎಫ್2 ರೂಪದ ಫಾಂಟ್ ಜೊತೆ ಕೊಟ್ಟರೆ ಎಲ್ಲ ಆಧುನಿಕ ಬ್ರೌಸರ್‌ಗಳಲ್ಲೂ ಒಂದೇ ರೀತಿ ಕಾಣುತ್ತದೆ. ನೋಟೊ ಕನ್ನಡ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ನಿಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು.

ವಿಡಿಯೊ ಮತ್ತು ಧ್ವನಿ

ಇದು ಎಲ್ಲಕ್ಕಿಂತ ಸುಲಭದ ಭಾಗ. ಎಫ್‌ಎಲ್‌ವಿ ಎಂಬುದು ಹೊರಹೊದಿಕೆ ಮಾತ್ರ. ಒಳಗೆ ಸಾಮಾನ್ಯವಾಗಿ ಸೊರೆನ್ಸನ್ ಸ್ಪಾರ್ಕ್, ವಿಪಿ6 ಅಥವಾ ಎಚ್.264 ಎಂಬ ಮೂರು ವಿಧದ ವಿಡಿಯೊಗಳಲ್ಲಿ ಒಂದಿರಬಹುದು. ‘ಎಫ್‌ಎಫ್‌ಎಂಪೆಗ್’ ಎಂಬ ಮುಕ್ತ ವಿಡಿಯೊ ತಂತ್ರಾಂಶದ ಜೊತೆ ಬರುವ ‘ಎಫ್‌ಎಫ್‌ಪ್ರೋಬ್’ನಿಂದ ಯಾವುದೆಂದು ತಿಳಿದುಕೊಳ್ಳಿ. ಒಳಗೆ ಎಚ್.264 ವಿಡಿಯೊ ಮತ್ತು ಎಎಸಿ ಧ್ವನಿ ಇದ್ದರೆ ಮತ್ತೆ ಎನ್‌ಕೋಡ್ ಮಾಡದೆ, ‘ಎಫ್‌ಎಫ್‌ಎಂಪೆಗ್’ನ ನಕಲು ಆಯ್ಕೆಯಿಂದ ಹೊದಿಕೆಯನ್ನು ಮಾತ್ರ ಎಂಪಿ4ಗೆ ಬದಲಿಸಬಹುದು, ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ, ಗುಣಮಟ್ಟವೂ ಕುಂದುವುದಿಲ್ಲ. ಉಳಿದೆರಡಕ್ಕೆ ಮರು ಎನ್‌ಕೋಡ್ ಅನಿವಾರ್ಯ. ಕ್ಯಾಮೆರಾದ ಮೂಲ ಟೇಪ್ ಅಥವಾ ಡಿವಿಡಿ ಸಿಗುವಂತಿದ್ದರೆ ಅದರಿಂದಲೇ ಮಾಡುವುದು ಲೇಸು. ಎಂಪಿ4 ಮಾಡುವಾಗ ಕಡತದ ಸೂಚಿಯನ್ನು ಆರಂಭಕ್ಕೆ ತರುವ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆಯನ್ನು ಮರೆಯಬಾರದು. ಇಲ್ಲವಾದರೆ ನಿಧಾನಗತಿಯ ಸಂಪರ್ಕದಲ್ಲಿ ವಿಡಿಯೊ ಆರಂಭವಾಗುವುದೇ ತಡವಾಗಬಹುದು.

ಪುಟದಲ್ಲಿ ‘ವಿಡಿಯೊ’ ಟ್ಯಾಗ್ ಬಳಸಿ, ಬ್ರೌಸರ್‌ನ ನಿಯಂತ್ರಣ ಗುಂಡಿಗಳು ಕಾಣುವಂತೆ ‘ಕಂಟ್ರೋಲ್ಸ್’ ಗುಣವನ್ನೂ, ಐಫೋನ್‌ನಲ್ಲಿ ಪುಟದೊಳಗೇ ಓಡುವಂತೆ ‘ಪ್ಲೇಸ್‌ಇನ್‌ಲೈನ್’ ಗುಣವನ್ನೂ ಸೇರಿಸಿ. ಕನ್ನಡದ ಅಡಿಬರಹವನ್ನು ವೆಬ್‌ವಿಟಿಟಿ ಕಡತವಾಗಿ ‘ಟ್ರ್ಯಾಕ್’ ಟ್ಯಾಗ್ ಮೂಲಕ ಕೊಡಬಹುದು. ಆ ಕಡತ ಯುಟಿಎಫ್-8ರಲ್ಲೇ ಇರಬೇಕೆಂಬುದು ಶಿಷ್ಟತೆಯ ನಿಯಮ. ಪುಟ ತೆರೆದೊಡನೆ ಧ್ವನಿ ಮೊಳಗಿಸುವ ಹಳೆಯ ರೂಢಿಯನ್ನು ಬಿಡಬೇಕಾಗುತ್ತದೆ, ಏಕೆಂದರೆ ಬಳಕೆದಾರರು ಏನನ್ನಾದರೂ ಒತ್ತುವ ಮೊದಲು ಸದ್ದು ಮಾಡುವುದನ್ನು ಇಂದಿನ ಬ್ರೌಸರ್‌ಗಳು ಸಾಮಾನ್ಯವಾಗಿ ತಡೆಯುತ್ತವೆ. ಪಾಠದ ಮೊದಲಲ್ಲಿ ‘ಆರಂಭಿಸಿ’ ಎಂಬ ಗುಂಡಿ ಇಟ್ಟರೆ ಈ ತೊಡಕು ನೀಗುತ್ತದೆ.

ಹಣ ಕೊಟ್ಟು ನೋಡುವ ಚಲನಚಿತ್ರಗಳಿಗಾಗಿ ಸಿಲ್ವರ್‌ಲೈಟ್ ಬಳಸುತ್ತಿದ್ದವರು ಈಗ ಬಳಸುವ ಇಎಂಇ (ಬೀಗ ಹಾಕಿದ ವಿಡಿಯೊವನ್ನು ಬ್ರೌಸರ್‌ನಲ್ಲಿ ಓಡಿಸುವ ಶಿಷ್ಟತೆ) 2017ರ ಸೆಪ್ಟೆಂಬರ್‌ನಲ್ಲಿ, ವೆಬ್ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಯಿತು. ಆದರೆ ಅದರ ಹಿಂದೆ ಕೆಲಸಮಾಡುವ ಬೀಗದ ತಂತ್ರಾಂಶ ಇಂದಿಗೂ ಗೋಪ್ಯವೇ. ಡಿಜಿಟಲ್ ಹಕ್ಕುಗಳ ಪರ ದನಿಯೆತ್ತುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇದನ್ನು ವಿರೋಧಿಸಿ ಡಬ್ಲ್ಯು3ಸಿ ಸದಸ್ಯತ್ವವನ್ನೇ ತೊರೆಯಿತು, ಮತ್ತು ಅದರ ಆಕ್ಷೇಪದಲ್ಲಿ ಹುರುಳಿತ್ತೆಂದೇ ನನ್ನ ಎಣಿಕೆ. ಶಾಲೆಯ ಪಾಠಗಳಿಗೆ ಇದರ ಅಗತ್ಯವಿಲ್ಲ.

ಅನಿಮೇಷನ್, ರಸಪ್ರಶ್ನೆ, ಆಟ

ಚಿತ್ರಗಳನ್ನು ಡಿಕಂಪೈಲರ್‌ನಿಂದ ಎಸ್‌ವಿಜಿ ರೂಪದಲ್ಲಿ ಹೊರತೆಗೆಯಿರಿ. ಫ್ಲ್ಯಾಶ್‌ನ ಚಿತ್ರಗಳು ಗೆರೆಗಳ ಲೆಕ್ಕಾಚಾರವಾದ್ದರಿಂದ ಎಸ್‌ವಿಜಿಗೆ ಚೆನ್ನಾಗಿ ಹೊಂದುತ್ತವೆ, ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಸರಳ ಚಲನೆಗೆ ಸಿಎಸ್‌ಎಸ್ ಅನಿಮೇಷನ್ ಸಾಕು. ನೂರಾರು ವಸ್ತುಗಳು ಒಟ್ಟಿಗೆ ಚಲಿಸುವ ಆಟಗಳಿಗೆ ಮಾತ್ರ ‘ಕ್ಯಾನ್ವಾಸ್’ ಬಳಸಿ. ಅಡೋಬಿ ಅನಿಮೇಟ್‌ನಲ್ಲಿ ಎಫ್‌ಎಲ್‌ಎ ಕಡತವನ್ನು ಕ್ಯಾನ್ವಾಸ್ ರೂಪಕ್ಕೆ ತಿರುಗಿಸುವ ಸೌಲಭ್ಯವಿದ್ದರೂ, ಚಿತ್ರ ಮತ್ತು ಚಲನೆಗಳು ಬರುತ್ತವೆಯೇ ವಿನಾ ಆ್ಯಕ್ಷನ್‌ಸ್ಕ್ರಿಪ್ಟ್ ಕೋಡ್ ಜಾವಾಸ್ಕ್ರಿಪ್ಟ್ ಆಗುವುದಿಲ್ಲ. ಅದನ್ನು ಕೈಯಾರೆ ಬರೆಯಲೇಬೇಕು. ಎರಡೂ ಭಾಷೆಗಳು ಇಕ್ಮಾಸ್ಕ್ರಿಪ್ಟ್ ಎಂಬ ಒಂದೇ ಶಿಷ್ಟತೆಯ ಬಂಧುಗಳಾದ್ದರಿಂದ ಹಳೆಯ ಕೋಡ್ ಓದಿ ತರ್ಕವನ್ನು ಹಿಡಿಯುವುದು ಕಷ್ಟವಲ್ಲ.

ಹಳೆಯ ಕೋಡ್ ಅನ್ನು ಅನುಸರಿಸುವಾಗ ವೇಗದ ಲೆಕ್ಕ ತಪ್ಪುವುದು ಹೆಚ್ಚು. ಫ್ಲ್ಯಾಶ್ ಪಾಠಗಳು ಸೆಕೆಂಡಿಗೆ 12 ಅಥವಾ 24 ಚೌಕಟ್ಟುಗಳ ಲೆಕ್ಕದಲ್ಲಿ ಓಡುತ್ತಿದ್ದವು, ಮತ್ತು "ಪ್ರತಿ ಚೌಕಟ್ಟಿಗೆ 5 ಪಿಕ್ಸೆಲ್ ಮುಂದೆ" ಎಂಬಂತೆ ಕೋಡ್ ಬರೆದಿರುತ್ತಿತ್ತು. ಬ್ರೌಸರ್‌ನ ‘ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್’ ಪರದೆಯ ವೇಗಕ್ಕೆ ತಕ್ಕಂತೆ ಸೆಕೆಂಡಿಗೆ 60, ಕೆಲವು ಫೋನ್‌ಗಳಲ್ಲಿ 120 ಬಾರಿ ಓಡುತ್ತದೆ. ಹಾಗೆಯೇ ಇಳಿಸಿಕೊಂಡರೆ 12ರ ಪಾಠ 5 ಪಟ್ಟು, ಹೊಸ ಫೋನಿನಲ್ಲಿ 10 ಪಟ್ಟು ವೇಗವಾಗಿ ಓಡಿ, ಗ್ರಹಗಳು ಸೂರ್ಯನ ಸುತ್ತ ಬುಗುರಿಯಾಡತೊಡಗುತ್ತವೆ. ಚೌಕಟ್ಟಿನ ಬದಲು ಕಳೆದ ಸಮಯವನ್ನು ಅಳೆದು ಚಲನೆಯನ್ನು ಲೆಕ್ಕ ಹಾಕಬೇಕು.

ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಪರದೆಗೆ ತರುವ ಅನಿಮೇಷನ್‌ಗಳಲ್ಲಿ ಇನ್ನೊಂದು ಅಪಾಯವಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ‘ವಿಜ್ಞಾನ’ ಎಂಬ ಪದವನ್ನು ಸುಮ್ಮನೆ ತುಂಡರಿಸಿದರೆ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಚುಕ್ಕಿವೃತ್ತಗಳು ಕಾಣುತ್ತವೆ. ‘ಇಂಟ್ಲ್ ಸೆಗ್ಮೆಂಟರ್’ ಎಂಬ ಸೌಲಭ್ಯ ಗುಣಿತಾಕ್ಷರವನ್ನು ಒಡೆಯದೆ ಇಡುತ್ತದೆ, ಆದರೆ ಒತ್ತಕ್ಷರವನ್ನು ಎರಡು ಮಾಡಿಬಿಡಬಹುದು. ಅಕ್ಷರಮಾಲೆ ಕಲಿಸುವ ಪಾಠವಲ್ಲದಿದ್ದರೆ ಪದಪದವಾಗಿ ತರುವುದೇ ಕ್ಷೇಮ; ಅಕ್ಷರವೇ ಬೇಕೆಂದಾದರೆ ವಿಂಗಡಣೆಯನ್ನು ಕೈಯಿಂದಲೇ ಬರೆದಿಡಿ.

ರಸಪ್ರಶ್ನೆಗಳಿಗೆ ಕ್ಯಾನ್ವಾಸ್ ಬೇಡವೇ ಬೇಡ. ಸಾಮಾನ್ಯ ಎಚ್‌ಟಿಎಂಎಲ್ ಫಾರ್ಮ್ ಮತ್ತು ಗುಂಡಿಗಳಲ್ಲಿ ಬರೆದರೆ ಕೀಲಿಮಣೆಯಿಂದಲೂ ಉತ್ತರಿಸಬಹುದು, ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಪರದೆವಾಚಕ ಓದಿಯೂ ಹೇಳುತ್ತದೆ. ಕ್ಯಾನ್ವಾಸ್ ಮೇಲೆ ಬಿಡಿಸಿದ ಅಕ್ಷರ ಅದಕ್ಕೆ ಕಾಣುವುದೇ ಇಲ್ಲ. ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಎಳೆದು ಬಿಡುವ ಕ್ರಿಯೆಗೆ ‘ಪಾಯಿಂಟರ್ ಈವೆಂಟ್ಸ್’ ಬಳಸಿ; ಮೌಸ್‌ಗೂ ಬೆರಳಿಗೂ ಒಂದೇ ಕೋಡ್ ಸಾಕಾಗುತ್ತದೆ. ಮೌಸ್ ಮೇಲೆ ಸುಳಿದಾಗ ಮಾತ್ರ ವಿವರ ಕಾಣುವ ಹಳೆಯ ಪದ್ಧತಿ ಫೋನಿನಲ್ಲಿ ನಡೆಯುವುದಿಲ್ಲವಾದ್ದರಿಂದ ಅಂಥ ಕಡೆ ಒತ್ತಿದಾಗ ತೆರೆಯುವಂತೆ ಬದಲಿಸಿ.

ಉಳಿದವು ಸಣ್ಣ ಬದಲಿಗಳು. ಫ್ಲ್ಯಾಶ್‌ನ ‘ಶೇರ್ಡ್ ಆಬ್ಜೆಕ್ಟ್’ನಲ್ಲಿಡುತ್ತಿದ್ದ ಅಂಕಗಳಿಗೆ ‘ಲೋಕಲ್ ಸ್ಟೋರೇಜ್’, ಹೆಚ್ಚಿನ ಮಾಹಿತಿಗೆ ‘ಇಂಡೆಕ್ಸ್‌ಡ್‌ಡಿಬಿ’. ಸರ್ವರ್ ಜೊತೆಗಿನ ವ್ಯವಹಾರಕ್ಕೆ ‘ಫೆಚ್’ ಮತ್ತು ಜೇಸನ್. ನಿರಂತರ ಸಂಪರ್ಕಕ್ಕೆ ವೆಬ್‌ಸಾಕೆಟ್. ಮೈಕ್ ಮತ್ತು ಕ್ಯಾಮೆರಾಗೆ ವೆಬ್‌ಆರ್‌ಟಿಸಿಯ ಸೌಲಭ್ಯಗಳು. ಕೊನೆಯದಕ್ಕೆ ತಾಣ ಎಚ್‌ಟಿಟಿಪಿಎಸ್‌ನಲ್ಲಿ ಇರಲೇಬೇಕು.

ಆಪ್ಲೆಟ್ ಮತ್ತು ಡಿಜಿಟಲ್ ಸಹಿ

ಆಪ್ಲೆಟ್‌ನ ಆಕರ ಕೋಡ್ ಇದ್ದರೆ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಿರಿ. ಲೆಕ್ಕಾಚಾರ ಭಾರವಾಗಿದ್ದರೆ ಆ ಭಾಗವನ್ನು ಮಾತ್ರ 2019ರ ಡಿಸೆಂಬರ್‌ನಲ್ಲಿ ಡಬ್ಲ್ಯು3ಸಿ ಶಿಫಾರಸಾದ ವೆಬ್‌ಅಸೆಂಬ್ಲಿಗೆ (ಬ್ರೌಸರ್‌ನಲ್ಲಿ ವೇಗವಾಗಿ ಓಡುವ ಕೋಡ್ ರೂಪ) ತರಬಹುದು. ಆಕರ ಕೋಡ್ ಇಲ್ಲದ ಜೆಎಆರ್ ಕಡತಗಳನ್ನು ಬ್ರೌಸರ್‌ನಲ್ಲೇ ಓಡಿಸುವ ‘ಚಿಯರ್ಪ್‌ಜೆ’ ಎಂಬ ಸಲಕರಣೆ ಇದೆ.

ಯುಎಸ್‌ಬಿ ಟೋಕನ್‌ನಿಂದ ಡಿಜಿಟಲ್ ಸಹಿ ಹಾಕಿಸುವ ಪುಟಗಳ ಸ್ಥಿತಿ ಬೇರೆ. ಟೋಕನ್‌ನೊಳಗಿನ ಕೀಲಿಯಿಂದ ದಾಖಲೆಗೆ ಸಹಿ ಮಾಡಿಸುವ ಶಿಷ್ಟತೆ ಬ್ರೌಸರ್‌ಗಳಲ್ಲಿ ಇಲ್ಲ. ವೆಬ್‌ಆಥೆನ್ ಇರುವುದು ಲಾಗಿನ್‌ಗೆ. ಆದುದರಿಂದ ಜಿಎಸ್‌ಟಿ ತಾಣಕ್ಕೆ ಬೇಕಾಗುವ, ಬೆಂಗಳೂರಿನ ಇ-ಮುದ್ರಾ ಕಂಪನಿಯ ‘ಎಂಸೈನರ್’ನಂತೆ, ಕಂಪ್ಯೂಟರ್‌ನಲ್ಲೇ ಓಡುವ ಒಂದು ಪ್ರೋಗ್ರಾಂ ಜೊತೆ ಪುಟ ಮಾತಾಡುವ ವ್ಯವಸ್ಥೆ ರೂಢಿಗೆ ಬಂದಿದೆ. ಇದನ್ನು ಮುಕ್ತ ಶಿಷ್ಟತೆ ಎನ್ನಲಾಗದು. ಮುಂಬಾಗಿಲಿನಿಂದ ಹೊರಹೋದ ಪ್ಲಗಿನ್ ಹಿತ್ತಿಲಿನಿಂದ ಒಳಬಂದಂತೆ. ದಕ್ಷಿಣ ಕೊರಿಯಾದಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1990ರ ದಶಕದ ಕೊನೆಯಲ್ಲಿ ಬಲವಾದ ಗೂಢಲಿಪಿಯ ರಫ್ತಿಗೆ ಅಮೆರಿಕ ಹಾಕಿದ್ದ ನಿರ್ಬಂಧದಿಂದಾಗಿ ಆ ದೇಶ ‘ಸೀಡ್’ ಎಂಬ ತನ್ನದೇ ಗೂಢಲಿಪಿಯನ್ನು ರೂಪಿಸಿ, ಬ್ಯಾಂಕ್ ವ್ಯವಹಾರಗಳಲ್ಲಿ ಆಕ್ಟಿವ್‌ಎಕ್ಸ್ ಮೂಲಕ ಬಳಕೆಗೆ ತಂದಿತು. ಪರಿಣಾಮವಾಗಿ ಇಡೀ ದೇಶ ವರ್ಷಗಟ್ಟಲೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಕಟ್ಟುಬಿತ್ತು. ಆಕ್ಟಿವ್‌ಎಕ್ಸ್ ತೆಗೆಯಹೊರಟಾಗ ಅನೇಕ ತಾಣಗಳು ಅದರ ಜಾಗಕ್ಕೆ ಪ್ರತ್ಯೇಕ ಪ್ರೋಗ್ರಾಂಗಳನ್ನು ತಂದವು. ನಿಮ್ಮ ತಾಣಕ್ಕೆ ಸಹಿ ನಿಜಕ್ಕೂ ಬೇಕೇ, ಅಥವಾ ಒಟಿಪಿಯಿಂದಾಗುವ ದೃಢೀಕರಣ ಸಾಕೇ ಎಂದು ಕಾನೂನು ಬಲ್ಲವರನ್ನು ಕೇಳಿ ನಿರ್ಧರಿಸುವುದು ಮೊದಲ ಹೆಜ್ಜೆ.

ಇದ್ದಂತೆ ಉಳಿಸುವುದು

ಎರಡನೆಯ ಗುಂಪಿನ ಕಡತಗಳಿಗೆ ‘ರಫಲ್’ ಬಳಸಿ. ರಸ್ಟ್ ಭಾಷೆಯಲ್ಲಿ ಬರೆದು ವೆಬ್‌ಅಸೆಂಬ್ಲಿಗೆ ಇಳಿಸಿದ ಈ ಮುಕ್ತ ಎಮ್ಯುಲೇಟರ್ ಅನ್ನು ಇಂಟರ್‌ನೆಟ್ ಆರ್ಕೈವ್ 2020ರ ನವೆಂಬರ್‌ನಲ್ಲಿ ತನ್ನ ಫ್ಲ್ಯಾಶ್ ಸಂಗ್ರಹಕ್ಕೆ ಅಳವಡಿಸಿಕೊಂಡಿತು. ಅದರ ಕಡತಗಳನ್ನು ನಿಮ್ಮ ಸರ್ವರ್‌ಗೆ ಹಾಕಿ ಪುಟದಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ ಸೇರಿಸಿದರೆ, ಹಳೆಯ ‘ಆಬ್ಜೆಕ್ಟ್’ ಮತ್ತು ‘ಎಂಬೆಡ್’ ಟ್ಯಾಗ್‌ಗಳನ್ನು ಅದು ತಾನೇ ಗುರುತಿಸಿಕೊಳ್ಳುತ್ತದೆ. ವೆಬ್‌ಅಸೆಂಬ್ಲಿ ಕಡತವನ್ನು ಸರ್ವರ್ ಸರಿಯಾದ ಮೈಮ್ ವಿಧದೊಂದಿಗೆ (ಕಡತ ಯಾವ ಬಗೆಯದೆಂದು ಬ್ರೌಸರ್‌ಗೆ ಹೇಳುವ ಗುರುತು) ಕಳಿಸುತ್ತಿದೆಯೇ ಎಂದು ನೋಡಿ. ಕಂಪ್ಯೂಟರ್‌ನ ಕಡತಕೋಶದಿಂದ ಪುಟವನ್ನು ನೇರವಾಗಿ ತೆರೆದರೆ ಓಡುವುದಿಲ್ಲ. ಪರೀಕ್ಷೆಗೂ ಒಂದು ಸರ್ವರ್ ಬೇಕು. ಆ್ಯಕ್ಷನ್‌ಸ್ಕ್ರಿಪ್ಟ್‌ನ ಮೊದಲೆರಡು ಆವೃತ್ತಿಯ ಕಡತಗಳು ಬಹುಪಾಲು ಸರಿಯಾಗಿ ಓಡುತ್ತವೆ. ಮೂರನೆಯ ಆವೃತ್ತಿಯವು ಎಲ್ಲವೂ ಓಡುತ್ತವೆಂಬ ಭರವಸೆ ಇಲ್ಲವಾದ್ದರಿಂದ ಒಂದೊಂದನ್ನೂ ಕೊನೆಯವರೆಗೆ ಆಡಿ ನೋಡಿ, ಮುಖ್ಯವಾಗಿ ಕನ್ನಡ ಅಕ್ಷರಗಳು ಕಾಣುವ ಪರದೆಗಳನ್ನು.

ಪರೀಕ್ಷೆ ಮತ್ತು ತೆರವು

ಹೊಸ ಪಾಠಗಳನ್ನು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್ ಅಲ್ಲದೆ ಫೈರ್‌ಫಾಕ್ಸ್‌ನಲ್ಲೂ, ಸಾಧ್ಯವಾದರೆ ಐಫೋನ್‌ನ ಸಫಾರಿಯಲ್ಲೂ ನೋಡಿ. ಎಲ್ಲ ಬ್ರೌಸರ್‌ಗಳಿಗೂ ಶಿಷ್ಟತೆ ಒಂದೇ ಆದರೂ ಕ್ರೋಮ್‌ನಲ್ಲಿ ಮಾತ್ರ ಇರುವ ಸೌಲಭ್ಯಗಳೂ ಇವೆ. ಅವನ್ನು ನೆಚ್ಚಿದರೆ ಮತ್ತೆ ಒಂದೇ ಕಂಪನಿಯ ಹಂಗಿಗೆ ಬಿದ್ದಂತಾಗುತ್ತದೆ. ಫ್ಲ್ಯಾಶ್‌ನ ರೂಢಿಯ 550 × 400 ಅಳತೆಗೆ ಮಾಡಿದ ವಿನ್ಯಾಸವನ್ನು ಫೋನಿನ ಲಂಬ ಪರದೆಗೆ ಹೊಂದಿಸಲು ಎಸ್‌ವಿಜಿಯ ‘ವ್ಯೂಬಾಕ್ಸ್’ ನೆರವಾಗುತ್ತದೆ. ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಗುಣದಲ್ಲಿ ನಮೂದಿಸಿದರೆ ಪರದೆವಾಚಕ ಸರಿಯಾದ ಧ್ವನಿಯನ್ನು ಆರಿಸಿಕೊಳ್ಳುತ್ತದೆ.

ಪುಟಗಳ ವಿಳಾಸಗಳನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ಕೊಡಿ. ಮೂಲ ಎಸ್‌ಡಬ್ಲ್ಯುಎಫ್, ಎಫ್‌ಎಲ್‌ಎ ಕಡತಗಳನ್ನು ಸಾರ್ವಜನಿಕ ಕಡತಕೋಶದಿಂದ ತೆಗೆದು, ಯಾರು ಯಾವಾಗ ಮಾಡಿದ್ದೆಂಬ ಟಿಪ್ಪಣಿಯೊಂದಿಗೆ ಬೇರೆಡೆ ಇರಿಸಿ. ರಫಲ್ ಮೂಲಕ ಓಡುವ ಕಡತಗಳು ಮಾತ್ರ ಸರ್ವರ್‌ನಲ್ಲಿ ಉಳಿಯಲಿ. "ಫ್ಲ್ಯಾಶ್ ಪ್ಲೇಯರ್ ಇಳಿಸಿಕೊಳ್ಳಿ" ಎಂಬ ಕೊಂಡಿಗಳನ್ನು ಎಲ್ಲ ಪುಟಗಳಿಂದಲೂ ಅಳಿಸಿ. ಇಂದು ಆ ಹೆಸರಿನಲ್ಲಿ ಸಿಗುವುದರಲ್ಲಿ ಕುತಂತ್ರಾಂಶಗಳೂ ಇರುತ್ತವೆ. ಕೊನೆಯದಾಗಿ ತಾಣದ ಮೂಲ ಕಡತಕೋಶದಲ್ಲಿ ‘ಕ್ರಾಸ್‌ಡೊಮೈನ್’ ಎಂಬ ಹೆಸರಿನ ಎಕ್ಸ್‌ಎಂಎಲ್ ಕಡತವಿದೆಯೇ ನೋಡಿ. ಯಾವ ಯಾವ ತಾಣಗಳ ಫ್ಲ್ಯಾಶ್ ಕಡತಗಳು ನಿಮ್ಮ ಸರ್ವರ್‌ನ ಮಾಹಿತಿಯನ್ನು ಓದಬಹುದೆಂದು ಹೇಳುತ್ತಿದ್ದ ಕಡತವದು. ಎಷ್ಟೋ ಕಡೆ ಅದರಲ್ಲಿ ನಕ್ಷತ್ರಚಿಹ್ನೆ ಹಾಕಿ ಎಲ್ಲರಿಗೂ ಅನುಮತಿ ಕೊಟ್ಟಿರುತ್ತಿದ್ದರು. ಅದನ್ನು ಅಳಿಸಿ, ಹೊರಗಿನ ತಾಣಗಳಿಗೆ ಮಾಹಿತಿ ಕೊಡುವ ಅಗತ್ಯ ನಿಜವಾಗಿಯೂ ಇದ್ದರೆ ಮಾತ್ರ, ಆಯಾ ತಾಣದ ಹೆಸರನ್ನೇ ನಮೂದಿಸಿ ಆ ಅನುಮತಿಯನ್ನು ಬ್ರೌಸರ್‌ಗೆ ತಿಳಿಸುವ ಸಿಒಆರ್‌ಎಸ್ ಶಿರೋಲೇಖಗಳನ್ನು ಸರ್ವರ್‌ನಲ್ಲಿ ಅಳವಡಿಸಿ.